ಮನೆ ನಮ್ಮದು, ಬೀಗದ ಕೈ ಯಾರದು?

ಹೊರಗುತ್ತಿಗೆಯ ಕಾಲದಲ್ಲಿ ಲೆಕ್ಕ, ದಾಖಲೆ, ವ್ಯವಹಾರದ ಗುಟ್ಟು ಕಾಯುವ ಬಗೆ

ಅಡಿಕೆ ಸುಗ್ಗಿಯಲ್ಲಿ ಚಿತ್ರದುರ್ಗ ಜಿಲ್ಲೆಯ ರಾಮಗಿರಿಯ ವ್ಯಾಪಾರಿಯೊಬ್ಬರ ಅಂಗಡಿಗೆ ಹೋಗಿದ್ದೆ. ಗೋಡೆಯುದ್ದಕ್ಕೂ ರಾಶಿ ಅಡಿಕೆಯ ಮೂಟೆ, ಬಾಗಿಲ ಬಳಿ ತೂಕದ ಯಂತ್ರ, ಮೂಲೆಯಲ್ಲಿ ಹಳೆಯ ಕಬ್ಬಿಣದ ತಿಜೋರಿ. ತಿಜೋರಿಯ ಬೀಗದ ಕೈ ಅವರ ಉಡಿದಾರಕ್ಕೆ ಕಟ್ಟಿತ್ತು. ಮಗನಿಗೂ ಅದನ್ನು ಬಿಚ್ಚಿಕೊಡುವವರಲ್ಲ ಅವರು. ಪಕ್ಕದ ಮೇಜಿನ ಮೇಲೆ ಕಂಪ್ಯೂಟರ್. ಅದರ ಪರದೆಯ ಅಂಚಿಗೆ ಒಂದು ಹಳದಿ ಚೀಟಿ ಅಂಟಿಸಿತ್ತು. ಚೀಟಿಯ ಮೇಲೆ ಉದ್ದನೆಯ ಒಂದು ಸಂಖ್ಯೆ, ಅದರ ಕೆಳಗೆ ಪಾಸ್‌ವರ್ಡ್.

“ಇದೇನಣ್ಣ?” ಎಂದೆ.

“ಸಾಫ್ಟ್‌ವೇರ್ ಹಾಕ್ಕೊಟ್ಟ ಹುಡುಗಂದು. ದಾವಣಗೆರೆಲಿ ಕೂತ್ಕಂಡೇ ಎಲ್ಲ ರಿಪೇರಿ ಮಾಡ್ತಾನೆ. ನಾನು ಇಲ್ದಿದ್ರೂ ಒಳಗ್ ಬಂದು ನೋಡ್ಕಂಡು ಹೋಗ್ತಾನೆ. ನಮ್ ಹುಡುಗನೇ ಬಿಡಪ್ಪ, ಒಳ್ಳೇನು.”

ಹುಡುಗ ಒಳ್ಳೆಯವನೇ ಇರಬೇಕು. ಆದರೂ ಆ ಕಂಪ್ಯೂಟರಿನೊಳಗೆ ಏನೇನಿದೆ ಎಂದು ಇಬ್ಬರೂ ಕೂತು ಲೆಕ್ಕ ಹಾಕಿದೆವು. ಯಾವ ರೈತನ ತೋಟ ಎಷ್ಟಕ್ಕೆ ಖೇಣಿ ಆಗಿದೆ, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಯಾರು ಮಗಳ ಮದುವೆಗೆಂದು ಕೈಸಾಲ ಒಯ್ದಿದ್ದಾರೆ, ನೂರಾರು ಜನರ ಬ್ಯಾಂಕ್ ಖಾತೆ, ಆಧಾರ್ ಪ್ರತಿ, ಪಹಣಿ, ಮೊಬೈಲ್ ನಂಬರ್, ಹೊರರಾಜ್ಯದ ಯಾವ ಖರೀದಿದಾರರಿಗೆ ಯಾವ ದರ. ತಿಜೋರಿ ಒಡೆದರೆ ಒಂದು ಸುಗ್ಗಿಯ ಹಣ ಹೋಗುತ್ತದೆ. ಈ ಪಟ್ಟಿ ಹೊರಗೆ ಹೋದರೆ ಎರಡು ತಲೆಮಾರಿನ ವ್ಯವಹಾರ ಹೋಗುತ್ತದೆ. ಜೊತೆಗೆ, ನಂಬಿ ಕಾಗದ ಕೊಟ್ಟ ರೈತರ ಖಾತೆಗಳೂ ವಂಚಕರ ಬಾಯಿಗೆ ಬೀಳುತ್ತವೆ.

ಇದು ಒಂದು ಅಂಗಡಿಯ ಕಥೆಯಲ್ಲ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗ ಎಲ್ಲಿ ನೋಡಿದರೂ ಆಸ್ಪತ್ರೆ, ಶಾಲೆ, ಪತ್ತಿನ ಸಂಘ, ಚಿನ್ನದಂಗಡಿಗಳ ಕಂಪ್ಯೂಟರ್ ಕೆಲಸವನ್ನು ಮಾಡುವವರು ಆ ಸಂಸ್ಥೆಯವರಲ್ಲ. ಸಾಫ್ಟ್‌ವೇರ್ ಬರೆದವರು ಒಬ್ಬರು, ಸರ್ವರ್ ನೋಡಿಕೊಳ್ಳುವವರು ಇನ್ನೊಬ್ಬರು, ಡೇಟಾ ಎಂಟ್ರಿ ಮಾಡುವವರು ಮತ್ತೊಬ್ಬರು. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲೂ ಇದೇ ವ್ಯವಸ್ಥೆ. ಎಲ್ಲವನ್ನೂ ತಾವೇ ಮಾಡಿಕೊಳ್ಳುವುದು ಯಾರಿಂದಲೂ ಆಗದು. ಕೆಲಸವನ್ನು ಹೊರಗೆ ಕೊಡಲೇಬೇಕು. ಆದರೆ ಕೆಲಸದ ಜೊತೆಗೆ ಬೀಗದ ಕೈಯನ್ನೂ ಕೊಟ್ಟುಬಿಡಬೇಕೆಂದೇನೂ ಇಲ್ಲ. ಹೊಣೆಯನ್ನಂತೂ ಕೊಡಲು ಬರುವುದೇ ಇಲ್ಲ.

ಶಾನುಭೋಗರ ಕಡತ, ಭೂಮಿಯ ಹೆಬ್ಬೆಟ್ಟು

ಈ ಸಮಸ್ಯೆ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ಒಂದು ಕಾಲಕ್ಕೆ ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಕೈಯಲ್ಲಿತ್ತು. ಹುದ್ದೆ ವಂಶಪಾರಂಪರ್ಯ, ಕಡತ ಬಹಳ ಕಡೆ ಅವರ ಮನೆಯಲ್ಲೇ. ಬರೆಯುವವರೂ ಅವರೇ, ತಿದ್ದುವವರೂ ಅವರೇ, ಕೇಳಿದಾಗ ತೆಗೆದು ತೋರಿಸುವವರೂ ಅವರೇ. ಪ್ರಾಮಾಣಿಕರಾದ ಶಾನುಭೋಗರು ಊರಿಗೆ ದಾರಿದೀಪವಾಗಿದ್ದರು. ಆದರೆ ಒಬ್ಬರು ಕೆಟ್ಟರೆ ಹಿಡಿಯಲು ಎರಡನೆಯ ಲೆಕ್ಕವೇ ಇರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಆ ಪದ್ಧತಿ ಮುಗಿಯಿತು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಪುಸ್ತಕ ಮಾತ್ರ ಒಬ್ಬರ ಚೀಲದಲ್ಲೇ ಉಳಿಯಿತು.

ಅದು ಬದಲಾದದ್ದು ಸುಮಾರು 2000ನೇ ಇಸವಿಯ ಹೊತ್ತಿಗೆ, ‘ಭೂಮಿ’ ಯೋಜನೆಯಿಂದ. ರಾಜ್ಯದ 177 ತಾಲ್ಲೂಕುಗಳ, ಸುಮಾರು 67 ಲಕ್ಷ ಭೂಮಾಲೀಕರ, 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ತಂತ್ರಾಂಶ ಕಟ್ಟಿದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ. ಅಷ್ಟು ದಾಖಲೆಯನ್ನು ಕಂಪ್ಯೂಟರಿಗೆ ಟೈಪ್ ಮಾಡಲು ಸರ್ಕಾರದಲ್ಲಿ ಜನ ಎಲ್ಲಿಂದ ಬರಬೇಕು? ಖಾಸಗಿ ಏಜೆನ್ಸಿಗಳನ್ನು ಹಿಡಿಯಲಾಯಿತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದು ಬಹುದೊಡ್ಡ ಹೊರಗುತ್ತಿಗೆ.

ಆಗ ಮಾಡಿದ ಏರ್ಪಾಡನ್ನು ಗಮನಿಸಬೇಕು. ಪುಸ್ತಕಗಳು ಏಜೆನ್ಸಿಯವರ ಕಚೇರಿಗೆ ಹೋಗಲಿಲ್ಲ, ಏಜೆನ್ಸಿಯವರೇ ತಾಲ್ಲೂಕು ಕಚೇರಿಗೆ ಬಂದು ಕೂತು ಕೆಲಸ ಮಾಡಿದರು. ಅವರು ಟೈಪ್ ಮಾಡಿದ್ದನ್ನು ಮುದ್ರಿಸಿ, ಮೂಲ ಪುಸ್ತಕದ ಜೊತೆ ಹೋಲಿಸಿ ನೋಡುವ ಕೆಲಸ ಗ್ರಾಮ ಲೆಕ್ಕಿಗರದ್ದಾಗಿತ್ತು. ಬೆರಳು ಹೊರಗಿನವರದು, ಸಹಿ ಒಳಗಿನವರದು. ಮುಂದೆ ವ್ಯವಸ್ಥೆ ನಡೆಯತೊಡಗಿದಾಗ ದಾಖಲೆ ತಿದ್ದುವ ಅಧಿಕಾರವಿದ್ದ ಸಿಬ್ಬಂದಿ ಬರೀ ಪಾಸ್‌ವರ್ಡ್ ಒತ್ತಿ ಒಳಗೆ ಬರುವಂತಿರಲಿಲ್ಲ, ಬೆರಳಚ್ಚು ಕೊಡಬೇಕಿತ್ತು. ಪಾಸ್‌ವರ್ಡನ್ನು ಪಕ್ಕದ ಮೇಜಿನವರಿಗೆ ಹೇಳಿ ಊಟಕ್ಕೆ ಹೋಗಬಹುದು, ಹೆಬ್ಬೆಟ್ಟನ್ನು ಮೇಜಿನ ಮೇಲೆ ಬಿಟ್ಟು ಹೋಗಲಾಗದು. ಯಾವ ಖಾತೆ ಬದಲಾವಣೆಯನ್ನು ಯಾರು, ಯಾವ ಹೊತ್ತಿನಲ್ಲಿ ಮಾಡಿದರು ಎಂಬುದು ದಾಖಲಾಗುತ್ತಿತ್ತು. ಮೊದಲು ಬಂದ ಅರ್ಜಿ ಮೊದಲು ಎಂಬ ಸಾಲನ್ನೂ ಯಂತ್ರವೇ ಕಾಯುತ್ತಿತ್ತು.

ಆಮೇಲೆ ಹೋಬಳಿಗಳಿಗೆ ನೆಮ್ಮದಿ ಕೇಂದ್ರಗಳು ಖಾಸಗಿ ಸಹಭಾಗಿತ್ವದಲ್ಲಿ ಬಂದವು. 2012ರಲ್ಲಿ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಶುರುವಾದವು. ರಾಮಗಿರಿಯೂ ಹೋಬಳಿ ಕೇಂದ್ರವೇ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯ ಕಿಟಕಿಯ ಮುಂದೆ ನಿಲ್ಲುವ ಪ್ರತಿಯೊಬ್ಬರೂ ತಮ್ಮ ಮನೆಯ ಒಳಗಿನ ಮಾಹಿತಿಯನ್ನು ಒಬ್ಬ ಆಪರೇಟರ್ ಕೈಗೆ ಕೊಡುತ್ತಿದ್ದಾರೆ. ಆ ಆಪರೇಟರ್ ಯಾರ ಸಂಬಳದಲ್ಲಿದ್ದಾರೆ ಎಂಬುದು ಅರ್ಜಿದಾರರಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅದನ್ನು ಕಾಯಬೇಕಾದವರು ಕಚೇರಿಯವರು.

ಬಾಗಿಲು ತೆರೆದಿಟ್ಟವರ ಕಥೆಗಳು

ಕಾಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2006ರ ಜೂನ್‌ನಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ ಬೆಂಗಳೂರಿನ ದತ್ತಾಂಶ ಕೇಂದ್ರದ ನೌಕರನೊಬ್ಬನ ಬಂಧನವಾಯಿತು. ಬ್ರಿಟನ್ನಿನ ಸುಮಾರು 20 ಗ್ರಾಹಕರ ಖಾತೆ ವಿವರ ಹೊರಗೆ ಹೋಗಿ, 2 ಲಕ್ಷ 33 ಸಾವಿರ ಪೌಂಡ್ ಕಳವಾಗಿತ್ತು ಎಂಬುದು ದೂರು. 2017ರಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್, ಆಧಾರ್ ವಿವರ ತೋರಿಸುವ ಆ್ಯಪ್ ಮಾಡಿ ಬಂಧನಕ್ಕೆ ಒಳಗಾದರು. ಆಧಾರ್ ಪ್ರಾಧಿಕಾರದ ಅನುಮತಿ ಅವರಿಗೆ ಇರಲಿಲ್ಲ. ಅನುಮತಿ ಇದ್ದ ಸರ್ಕಾರಿ ‘ಇ-ಹಾಸ್ಪಿಟಲ್’ ವ್ಯವಸ್ಥೆಯ ದಾರಿಯಲ್ಲಿ ಅವರ ಆ್ಯಪ್ ಒಳಹೊಕ್ಕಿತ್ತು ಎಂದು ತನಿಖೆ ಹೇಳಿತು. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಚಿಲುಮೆ ಸಂಸ್ಥೆಯ ಪ್ರಕರಣ ಹೊರಬಿತ್ತು. ಮತದಾರರಲ್ಲಿ ಜಾಗೃತಿ ಮೂಡಿಸಲೆಂದು ಬಿಬಿಎಂಪಿಯಿಂದ ಅನುಮತಿ ಪಡೆದವರು, ಮತಗಟ್ಟೆ ಅಧಿಕಾರಿಗಳಂತೆ ಮನೆಮನೆಗೆ ಹೋಗಿ ಖಾಸಗಿ ಮಾಹಿತಿ ಸಂಗ್ರಹಿಸಿದರು ಎಂಬ ಆರೋಪ. ಚುನಾವಣಾ ಆಯೋಗ ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಸೂಚಿಸಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯನ್ನು ಮತ್ತೆ ಪರಿಶೀಲಿಸಬೇಕಾಯಿತು.

ಹೊರದೇಶಗಳಲ್ಲೂ ಇದೇ ಪಾಠ. ಸ್ವೀಡನ್ನಿನ ಸಾರಿಗೆ ಇಲಾಖೆ 2015ರಲ್ಲಿ ತನ್ನ ಕಂಪ್ಯೂಟರ್ ನಿರ್ವಹಣೆಯನ್ನು ಐಬಿಎಂಗೆ ಕೊಟ್ಟಿತು. ಭದ್ರತಾ ತಪಾಸಣೆ ಆಗದ, ಹೊರದೇಶದಲ್ಲಿ ಕೂತು ವ್ಯವಸ್ಥೆ ನೋಡಿಕೊಳ್ಳುವ ಅಡ್ಮಿನ್‌ಗಳಿಗೆ ದೇಶದ ಚಾಲನಾ ಪರವಾನಗಿ, ವಾಹನಗಳ ದಾಖಲೆಯೆಲ್ಲ ತೆರೆದುಕೊಂಡಿತು. ಇಲಾಖೆಯ ಮಹಾನಿರ್ದೇಶಕಿ ಕೆಲಸ ಕಳೆದುಕೊಂಡು ದಂಡ ಕಟ್ಟಿದರು. 2017ರ ಜುಲೈನಲ್ಲಿ ಇಬ್ಬರು ಮಂತ್ರಿಗಳು ಹುದ್ದೆ ಬಿಟ್ಟರು. ಅಲ್ಲಿ ಕಳ್ಳತನ ನಡೆಯಿತೆಂದು ಯಾರೂ ತೋರಿಸಲಿಲ್ಲ. ಬೀಗದ ಕೈ ಕೊಡಬಾರದವರಿಗೆ ಕೊಟ್ಟದ್ದೇ ತಪ್ಪೆಂದು ಎಣಿಕೆಯಾಯಿತು.

ಜಪಾನಿನ ಅಮಗಸಾಕಿ ನಗರದ್ದು ಇನ್ನೂ ಸರಳ. 2022ರ ಜೂನ್‌ನಲ್ಲಿ ಪುರಸಭೆಯ ಗುತ್ತಿಗೆ ಕಂಪನಿಯ ಕೆಲಸಗಾರನೊಬ್ಬ ಊರಿನ ಸುಮಾರು 4 ಲಕ್ಷ 60 ಸಾವಿರ ನಿವಾಸಿಗಳ ಮಾಹಿತಿಯನ್ನು ಒಂದು ಪೆನ್ ಡ್ರೈವ್‌ಗೆ ತುಂಬಿಕೊಂಡು ಹೊರಟ. ಸಂಜೆ ಕುಡಿದು ರಸ್ತೆ ಬದಿ ಮಲಗಿದ. ಎದ್ದಾಗ ಚೀಲ ಇರಲಿಲ್ಲ. ಪುಣ್ಯಕ್ಕೆ ಕೆಲವೇ ದಿನಗಳಲ್ಲಿ ಸಿಕ್ಕಿತು. ಅವನಲ್ಲಿ ದುರುದ್ದೇಶ ಇರಲಿಲ್ಲ. ಇಡೀ ಊರು ಒಬ್ಬನ ಜೇಬಿನಲ್ಲಿ ಹಿಡಿಸುವಂತೆ ಮಾಡಿದ ವ್ಯವಸ್ಥೆಯೇ ತಪ್ಪಿತ್ತು.

ನಮ್ಮ ಸಣ್ಣ ಊರುಗಳಿಗೆ ಹತ್ತಿರದ ಎಚ್ಚರಿಕೆ 2024ರ ಜುಲೈ ಕೊನೆಯದು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ, ದತ್ತಾಂಶವನ್ನು ಒತ್ತೆಯಿಟ್ಟು ಹಣ ಕೇಳುವ ರ್‍ಯಾನ್ಸಮ್‌ವೇರ್ ದಾಳಿಯಾಯಿತು. ರಾಷ್ಟ್ರೀಯ ಪಾವತಿ ನಿಗಮ ಅದನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರು ಯುಪಿಐ, ಎಟಿಎಂ ಬಳಸಲಾರದೆ ಕೂತರು. ಆ ಬ್ಯಾಂಕುಗಳ ಬಾಗಿಲಿಗೆ ಬೀಗ ಸರಿಯಾಗೇ ಇತ್ತು. ಪೆಟ್ಟು ಬಿದ್ದದ್ದು ಸೇವೆ ಕೊಡುವವರ ಬಾಗಿಲಲ್ಲಿ.

ಡೆವಲಪರ್‌ಗೆ ಅಸಲಿ ಪುಸ್ತಕ ಬೇಡ

ಹಾಗಾದರೆ ಮಾಡುವುದೇನು? ಹೊರಗಿನಿಂದ ಬರುವವರಲ್ಲಿ ಎರಡು ಬಗೆ. ತಂತ್ರಾಂಶ ಬರೆಯುವ ಡೆವಲಪರ್ ಒಬ್ಬರು, ನಡೆಯುತ್ತಿರುವ ವ್ಯವಸ್ಥೆಯನ್ನು ಕಾಯುವ ಅಡ್ಮಿನ್ ಇನ್ನೊಬ್ಬರು. ಇಬ್ಬರಿಗೂ ಬೇರೆ ಬೇರೆ ಮದ್ದು.

ಡೆವಲಪರ್ ಮನೆ ಕಟ್ಟುವ ಮೇಸ್ತ್ರಿಯಿದ್ದಂತೆ. ತಿಜೋರಿ ಇಡುವ ಗೂಡು ಎಷ್ಟು ಅಗಲ ಬೇಕು ಎಂದು ಅವನಿಗೆ ಗೊತ್ತಿರಬೇಕು, ಒಳಗಿನ ಒಡವೆ ಕಾಣಬೇಕಾಗಿಲ್ಲ. ಆದರೆ ನಡೆಯುವುದು ಬೇರೆ. “ಟೆಸ್ಟ್ ಮಾಡಬೇಕು, ಡೇಟಾ ಕಳಿಸಿ” ಎಂದು ಫೋನ್ ಬರುತ್ತದೆ. ಸಂಘದ ಕಾರ್ಯದರ್ಶಿ ಇಡೀ ಸದಸ್ಯರ ಪಟ್ಟಿಯನ್ನು ಇಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಕಳಿಸುತ್ತಾರೆ. ಅಲ್ಲಿಂದ ಅದು ಎಷ್ಟು ಲ್ಯಾಪ್‌ಟಾಪ್‌ಗಳಿಗೆ ಹೋಯಿತೋ ದೇವರೇ ಬಲ್ಲ.

ಪರೀಕ್ಷೆಗೆ ಬೇಕಾದದ್ದು ಅಸಲಿ ಜನರಲ್ಲ, ಅಸಲಿಯಂತೆ ಕಾಣುವ ಸಾಲುಗಳು. ಹತ್ತು ಅಂಕಿಯ ಮೊಬೈಲ್ ಸಂಖ್ಯೆ ಹತ್ತೇ ಅಂಕಿ ಇರಬೇಕು, ಆದರೆ ಯಾರದ್ದೂ ಆಗಿರಬಾರದು. ಹೆಸರಿನಲ್ಲಿ ಒತ್ತಕ್ಷರ ಬರಬೇಕು. ‘ಜ್ಞಾನೇಶ್ವರಪ್ಪ’ ಎಂಬುದು ರಸೀದಿಯಲ್ಲಿ ಒಡೆಯದೆ ಮುದ್ರಣವಾಗುತ್ತದೆಯೇ ಎಂದು ನೋಡಬೇಕಲ್ಲ. ಸಾಲದ ಮೊತ್ತ ಸೊನ್ನೆಯೂ ಇರಬೇಕು, ಕೋಟಿಯೂ ಇರಬೇಕು. ಹೀಗೆ ಕಟ್ಟಿದ ಸುಳ್ಳು ಪುಸ್ತಕದ ಮೇಲೆ ತಂತ್ರಾಂಶ ಸರಿಯಾಗಿ ನಡೆದರೆ ನಿಜದ ಪುಸ್ತಕದ ಮೇಲೂ ನಡೆಯುತ್ತದೆ.

ಕೆಲವೊಮ್ಮೆ ನಿಜದ ಡೇಟಾ ಕೊಡದೆ ವಿಧಿಯಿಲ್ಲ ಎನ್ನುತ್ತಾರೆ. ಆಗ ಮುಖ ಮರೆಸಿ ಕೊಡಬೇಕು. ಇದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ಹೆಸರಿನ ಜಾಗದಲ್ಲಿ ‘ಸದಸ್ಯ 0417’, ಆಧಾರ್ ಜಾಗದಲ್ಲಿ ಅಡ್ಡಾದಿಡ್ಡಿ ಅಂಕಿ. ಇಲ್ಲಿ ಹಳ್ಳಿಯವರಿಗೆ ಮಾತ್ರ ಹೊಳೆಯುವ ಒಂದು ಅಪಾಯವಿದೆ. ಬೆಂಗಳೂರಿನಂಥ ಊರಿನಲ್ಲಿ ಹೆಸರು ಅಳಿಸಿದರೆ ಮನುಷ್ಯ ಗುಂಪಿನಲ್ಲಿ ಕರಗುತ್ತಾನೆ. ರಾಮಗಿರಿ ಹೋಬಳಿಯ ಒಂದು ಚಿಕ್ಕ ಹಳ್ಳಿಯಲ್ಲಿ ‘11 ಎಕರೆ 6 ಗುಂಟೆ ಅಡಿಕೆ, ಎರಡು ಕೊಳವೆಬಾವಿ, ಟ್ರ್ಯಾಕ್ಟರ್ ಸಾಲ ಬಾಕಿ’ ಎಂದು ಬರೆದರೆ ಸಾಕು, ಟೀ ಅಂಗಡಿಯ ಮುಂದೆ ಕೂತವರು ಹೆಸರು, ಮನೆ, ಬಳಗ ಎಲ್ಲ ಹೇಳಿಬಿಡುತ್ತಾರೆ. ಆದ್ದರಿಂದ ಹೆಸರಿನ ಜೊತೆ ಊರು, ಸರ್ವೆ ನಂಬರ್, ವಿಸ್ತೀರ್ಣ, ಮೊತ್ತಗಳನ್ನೂ ಕಲಸಬೇಕು.

ಇನ್ನೊಂದು ತೂತು ತಂತ್ರಾಂಶದ ಒಳಗೇ ಇರುತ್ತದೆ. ಅವಸರದಲ್ಲಿರುವ ಡೆವಲಪರ್ ಡೇಟಾಬೇಸಿನ ಪಾಸ್‌ವರ್ಡನ್ನು ಕೋಡಿನ ನಡುವೆಯೇ ಬರೆದಿಟ್ಟಿರುತ್ತಾನೆ. ಟೊಯೋಟಾ ಕಂಪನಿಗೆ ಆದದ್ದು ಇದೇ. ಅದರ ಗುತ್ತಿಗೆದಾರರೊಬ್ಬರು ಕೋಡಿನ ಒಂದು ಭಾಗವನ್ನು ಗಿಟ್‌ಹಬ್ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು, ಅದರೊಳಗೆ ಸರ್ವರಿನ ಕೀಲಿಯೂ ಇತ್ತು. 2017ರ ಡಿಸೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ಐದು ವರ್ಷ ಯಾರೂ ನೋಡಲಿಲ್ಲ. 2,96,019 ಗ್ರಾಹಕರ ಇಮೇಲ್ ವಿಳಾಸ ಅಪಾಯಕ್ಕೆ ಒಡ್ಡಿಕೊಂಡವು. ಕೀಲಿಯನ್ನು ಕೋಡಿನಲ್ಲಿ ಬರೆಯಬಾರದು, ಬರೆದವರೇ ಅದನ್ನು ಚಾಲನೆಗೆ ಏರಿಸಬಾರದು, ನಡುವೆ ಇನ್ನೊಬ್ಬರ ಕಣ್ಣು ಹಾಯಬೇಕು. ಈ ಮೂರು ನಿಯಮಕ್ಕೆ ದೊಡ್ಡ ಖರ್ಚಿಲ್ಲ.

ದುರ್ಗದ ಕಿಂಡಿ ಕಲಿಸುವ ಪಾಠ

ಅಡ್ಮಿನ್ ವಿಚಾರ ಇನ್ನೂ ಕಠಿಣ. ಅವರು ಒಳಗೆ ಬರಲೇಬೇಕು. ಸರ್ವರ್ ನಿಂತರೆ ಎತ್ತುವವರು, ಬ್ಯಾಕಪ್ ತೆಗೆಯುವವರು, ಮರೆತ ಪಾಸ್‌ವರ್ಡ್ ಬದಲಿಸುವವರು ಅವರೇ. ಆ ಕಾರಣಕ್ಕೇ ಅವರಿಗೆ ಎಲ್ಲವನ್ನೂ ತೆರೆಯುವ ಅಧಿಕಾರ ಸಿಕ್ಕಿಬಿಡುತ್ತದೆ.

ಚಿತ್ರದುರ್ಗದವರಿಗೆ ಇದನ್ನು ವಿವರಿಸುವುದು ಸುಲಭ. ಏಳು ಸುತ್ತಿನ ಕೋಟೆ, ಹೆಬ್ಬಾಗಿಲುಗಳು, ಬತೇರಿಗಳು, ಬಂಡೆಯೇ ಗೋಡೆ. ಆದರೂ ಹೈದರನ ಸೈನಿಕರಿಗೆ ದಾರಿ ತೋರಿದ್ದು ಒಂದು ಚಿಕ್ಕ ಕಿಂಡಿ. ಮೊಸರು ಮಾರುವವರು ಅಲ್ಲಿ ಹೋಗಿಬರುವುದನ್ನು ಅವರು ಕಂಡರು ಎಂದು ಊರಿನ ಕಥೆ ಹೇಳುತ್ತದೆ. ಆ ಕಿಂಡಿ ಕೊರೆದದ್ದು ಶತ್ರುವಲ್ಲ. ಕೋಟೆಯವರ ದಿನನಿತ್ಯದ ಅನುಕೂಲಕ್ಕೆ ಉಳಿದುಕೊಂಡ ದಾರಿ ಅದು. ಮೊಸರು ತಂದವರದ್ದು ಏನೂ ತಪ್ಪಿಲ್ಲ. ತಪ್ಪೆಂದರೆ ಆ ದಾರಿ ಕೋಟೆಯ ಲೆಕ್ಕದಲ್ಲಿ ಇಲ್ಲದ್ದು.

2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ 4 ಕೋಟಿ ಕಾರ್ಡುಗಳ ವಿವರ ಕಳವಾಯಿತು. ಕಳ್ಳರು ಮೊದಲು ಒಳಬಂದದ್ದು ಮಳಿಗೆಗಳ ಹವಾನಿಯಂತ್ರಣದ ಕೆಲಸ ಹಿಡಿದಿದ್ದ ಗುತ್ತಿಗೆದಾರರಿಗೆ ಕೊಟ್ಟಿದ್ದ ಪಾಸ್‌ವರ್ಡ್ ಕದ್ದು. ಅಲ್ಲಿಯೂ ಮೊಸರು ತರುವವರ ದಾರಿಯೇ.

ಕಿಂಡಿಯ ಕಥೆಗೆ ಎರಡನೆಯ ಅರ್ಧವೂ ಇದೆ. ಗಂಡ ಊಟಕ್ಕೆ ಕೂತ ಹೊತ್ತಿನಲ್ಲಿ ಓಬವ್ವ ಒನಕೆ ಹಿಡಿದು ಅಷ್ಟು ಜನರನ್ನು ತಡೆಯಲು ಆದದ್ದು ಹೇಗೆ? ಕಿಂಡಿ ಕಿರಿದಾಗಿತ್ತು. ಒಂದು ಸಲಕ್ಕೆ ಒಬ್ಬ ಮಾತ್ರ, ಅದೂ ತೆವಳಿಕೊಂಡು. ಬರುವ ದಾರಿ ಒಂದೇ ಆಗಿ, ಕಿರಿದಾಗಿ, ಎದುರಿಗೆ ಕಾವಲಿದ್ದರೆ ಒಬ್ಬಳೇ ಹೆಣ್ಣುಮಗಳು ಕೋಟೆ ಉಳಿಸಬಲ್ಲಳು.

ಇಂದಿನ ಒಳ್ಳೆಯ ಸಂಸ್ಥೆಗಳು ಮಾಡುವುದು ಇದನ್ನೇ. ಹೊರಗಿನ ಅಡ್ಮಿನ್‌ಗಳು ಯಾವ ಸರ್ವರಿಗೂ ನೇರವಾಗಿ ಹೋಗುವಂತಿಲ್ಲ. ಎಲ್ಲರೂ ಒಂದೇ ದ್ವಾರದ ಮೂಲಕ ಬರಬೇಕು. ಕಂಪ್ಯೂಟರಿನವರು ಆ ದ್ವಾರಕ್ಕೆ ಇಟ್ಟ ಹೆಸರು ಬಾಸ್ಟಿಯನ್, ಅಂದರೆ ನಮ್ಮ ದುರ್ಗದವರು ಹೇಳುವ ಬತೇರಿ. ಅಲ್ಲಿ ಪ್ರತಿಯೊಬ್ಬರಿಗೂ ಅವರವರ ಹೆಸರಿನ ಲಾಗಿನ್. ‘ಅಡ್ಮಿನ್’ ಎಂಬ ಒಂದೇ ಹೆಸರನ್ನು ಆರು ಜನ ಹಂಚಿಕೊಳ್ಳುವುದು ಅಲ್ಲಿಗೆ ಮುಗಿಯುತ್ತದೆ. ಪಾಸ್‌ವರ್ಡ್ ಜೊತೆ ಮೊಬೈಲಿಗೆ ಬರುವ ಸಂಖ್ಯೆಯೂ ಬೇಕು. ಯಾವ ಕೆಲಸಕ್ಕೆ, ಎಷ್ಟು ಹೊತ್ತು ಎಂದು ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು. ಎರಡು ಗಂಟೆಯ ಕೆಲಸಕ್ಕೆ ಎರಡು ಗಂಟೆಯ ಬೀಗದ ಕೈ. ಹೊತ್ತು ಮುಗಿದರೆ ಅದು ತಾನಾಗಿ ಸಾಯುತ್ತದೆ. ಒಳಗೆ ಏನು ಮಾಡಿದರು ಎಂಬುದೆಲ್ಲ ‘ಲಾಗ್’ ಎಂಬ ದಾಖಲೆಗೆ ಸೇರುತ್ತದೆ. ಆ ಲಾಗ್ ಆ ಅಡ್ಮಿನ್ ಮುಟ್ಟಲಾಗದ ಬೇರೆ ಕಡೆ ಹೋಗಿ ಬೀಳಬೇಕು. ಕಳ್ಳನ ಕೈಗೇ ಹಾಜರಿ ಪುಸ್ತಕ ಕೊಟ್ಟರೆ ಅವನು ಆ ದಿನ ಬಂದೇ ಇರಲಿಲ್ಲ ಎಂದು ಬರೆದುಕೊಳ್ಳುತ್ತಾನೆ.

ಇಬ್ಬರು ಒತ್ತಿದರೆ ಮಾತ್ರ ಟೋಕನ್

‘ಡೇಟಾ ಎನ್‌ಕ್ರಿಪ್ಟ್ ಆಗಿದೆ, ಅಂದರೆ ಗೂಢಲಿಪಿಗೆ ತಿರುಗಿದೆ, ಭಯವಿಲ್ಲ’ ಎಂದು ಮಾರುವವರು ಹೇಳುತ್ತಾರೆ. ಒಂದು ಪ್ರಶ್ನೆ ಕೇಳಿ: ಬಿಡಿಸುವ ಕೀಲಿ ಎಲ್ಲಿದೆ? ಅದೇ ಸರ್ವರಿನಲ್ಲಿದ್ದರೆ ಹಾರ್ಡ್ ಡಿಸ್ಕ್ ಕದ್ದವನಿಗೆ ಮಾತ್ರ ತಡೆ, ಒಳಗಿರುವ ಅಡ್ಮಿನ್‌ಗೆ ಏನೂ ತಡೆಯಿಲ್ಲ. ಅವನು ಕೇಳಿದರೆ ಡೇಟಾಬೇಸ್ ತಾನೇ ಬಿಡಿಸಿ ತೋರಿಸುತ್ತದೆ. ಡೇಟಾ ಕಾಯುವವರು ಒಬ್ಬರು, ಕೀಲಿ ಕಾಯುವವರು ಇನ್ನೊಬ್ಬರು ಆಗಿರಬೇಕು. ಆಗ ಬ್ಯಾಕಪ್ ತೆಗೆಯುವವರು ಪೆಟ್ಟಿಗೆ ಹೊರುತ್ತಾರೆ, ಒಳಗೇನಿದೆ ಎಂದು ಓದಲಾರರು. ಹಾಗೆಯೇ ಕೀಲಿಯ ಇನ್ನೊಂದು ಪ್ರತಿಯನ್ನು ಸಂಸ್ಥೆಯ ಯಜಮಾನರು ಭದ್ರವಾಗಿ ಇಟ್ಟುಕೊಳ್ಳಬೇಕು. ಕೀಲಿ ಕಳೆದರೆ ಡೇಟಾ ಇದ್ದೂ ಇಲ್ಲದಂತೆ.

ತೀರಾ ಸೂಕ್ಷ್ಮವಾದ ಕೆಲಸಗಳಿಗೆ ಇಬ್ಬರ ಒಪ್ಪಿಗೆ ಬೇಕು. ಇದನ್ನು ನಮ್ಮ ರೈಲ್ವೆಯವರು ಬಹಳ ಹಿಂದೆಯೇ ಮಾಡಿ ತೋರಿಸಿದ್ದಾರೆ. ರಾಮಗಿರಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಒಂದು ಸಣ್ಣ ನಿಲ್ದಾಣ. ಇಂಥ ನಿಲ್ದಾಣಗಳ ನಡುವಿನ ಒಂಟಿ ಹಳಿಯ ಮಾರ್ಗಗಳಲ್ಲಿ ಟೋಕನ್ ಪದ್ಧತಿ ನಡೆಯುತ್ತಿತ್ತು. ಚಾಲಕನ ಕೈಗೆ ಟೋಕನ್ ಬರದೆ ರೈಲು ಹೊರಡುವಂತಿರಲಿಲ್ಲ. ಆ ಟೋಕನ್ ಇದ್ದ ಯಂತ್ರ ಒಂದು ನಿಲ್ದಾಣದ ಸ್ಟೇಷನ್ ಮಾಸ್ಟರ್ ಒಬ್ಬರೇ ತಿರುಗಿಸಿದರೆ ತೆರೆಯುತ್ತಿರಲಿಲ್ಲ. ಗಂಟೆ ಹೊಡೆದು ಕೇಳಬೇಕಿತ್ತು, ಮುಂದಿನ ನಿಲ್ದಾಣದವರು ತಮ್ಮ ಯಂತ್ರದಿಂದ ಒಪ್ಪಿಗೆ ಕೊಡಬೇಕಿತ್ತು, ಆಗ ಒಂದು ಟೋಕನ್ ಬೀಳುತ್ತಿತ್ತು. ಅದು ವಾಪಸ್ ಸೇರುವವರೆಗೆ ಎರಡನೆಯದು ಬರುತ್ತಿರಲಿಲ್ಲ. ಸ್ಟೇಷನ್ ಮಾಸ್ಟರ್ ಮೇಲೆ ನಂಬಿಕೆ ಇಲ್ಲದೆ ಮಾಡಿದ ಯಂತ್ರವಲ್ಲ ಅದು. ಒಬ್ಬರ ನಿದ್ದೆಗಣ್ಣಿಗೆ ನೂರಾರು ಜೀವ ಬಲಿಯಾಗಬಾರದೆಂದು ಮಾಡಿದ್ದು.

ಎಡ್ವರ್ಡ್ ಸ್ನೋಡೆನ್ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯ ದಾಖಲೆಗಳನ್ನು 2013ರಲ್ಲಿ ಹೊರತಂದಾಗ ಅವರು ಆ ಸಂಸ್ಥೆಯ ನೌಕರರಾಗಿರಲಿಲ್ಲ, ಗುತ್ತಿಗೆ ಕಂಪನಿಯೊಂದರ ಮೂಲಕ ಅಲ್ಲಿ ಕೆಲಸ ಮಾಡುತ್ತಿದ್ದರು. ಅದಾದ ಮೇಲೆ ಎನ್‌ಎಸ್‌ಎ, ಸೂಕ್ಷ್ಮ ಡೇಟಾಕ್ಕೆ ಇಬ್ಬರ ನಿಯಮ ತರುವುದಾಗಿಯೂ ಅಡ್ಮಿನ್‌ಗಳ ಸಂಖ್ಯೆಯನ್ನು ಶೇ 90ರಷ್ಟು ಇಳಿಸುವುದಾಗಿಯೂ ಹೇಳಿತು. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತದ ಜಾಲದ ಪಾಸ್‌ವರ್ಡುಗಳೆಲ್ಲ ಒಬ್ಬನೇ ಎಂಜಿನಿಯರ್ ತಲೆಯಲ್ಲಿದ್ದವು. ಅವನು ಕೊಡುವುದಿಲ್ಲ ಎಂದ. ಬಂಧನವಾದರೂ ಕೊಡಲಿಲ್ಲ. ಕೊನೆಗೆ ಮೇಯರ್ ಖುದ್ದು ಜೈಲಿಗೆ ಹೋಗಿ ಪಡೆಯಬೇಕಾಯಿತು. ಊರಿನ ಲೆಕ್ಕವೆಲ್ಲ ಒಬ್ಬರ ಚೀಲದಲ್ಲಿದ್ದ ಕಾಲಕ್ಕೂ ಇದಕ್ಕೂ ಏನು ವ್ಯತ್ಯಾಸ?

ಎಷ್ಟು ಮಾಡಿದರೂ ಒಂದು ದಾರಿ ಮುಚ್ಚದು. ಕಣ್ಣಿಗೆ ಕಂಡದ್ದನ್ನು ಮೊಬೈಲಿನಲ್ಲಿ ಫೋಟೊ ತೆಗೆಯಬಹುದು. 2025ರ ಮೇ ತಿಂಗಳಲ್ಲಿ ಕಾಯಿನ್‌ಬೇಸ್ ಎಂಬ ಕ್ರಿಪ್ಟೊ ಕಂಪನಿ, ತನ್ನ ಗ್ರಾಹಕ ಸೇವೆಯ ಹೊರಗುತ್ತಿಗೆ ಸಿಬ್ಬಂದಿಯಲ್ಲಿ ಕೆಲವರಿಗೆ ವಂಚಕರು ಲಂಚ ಕೊಟ್ಟು ಗ್ರಾಹಕರ ವಿವರ ಕದ್ದಿದ್ದಾರೆ ಎಂದು ಪ್ರಕಟಿಸಿತು. 69,461 ಗ್ರಾಹಕರಿಗೆ ತೊಂದರೆಯಾಯಿತು. ನಷ್ಟದ ಅಂದಾಜು 18 ಕೋಟಿಯಿಂದ 40 ಕೋಟಿ ಡಾಲರ್. ಇದಕ್ಕೆ ಮದ್ದು ಒಂದೇ: ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಪರದೆಯ ಮೇಲೆ ತೋರಿಸುವುದು. ದೂರು ಕೇಳುವವರಿಗೆ ಖಾತೆಯ ಕೊನೆಯ ನಾಲ್ಕು ಅಂಕಿ ಸಾಕು.

ಕಾನೂನು ಹೇಳುವುದೇನು?

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 72ಎ ಕಲಂ ಪ್ರಕಾರ, ಗುತ್ತಿಗೆಯ ಕೆಲಸದಲ್ಲಿ ಸಿಕ್ಕ ಖಾಸಗಿ ಮಾಹಿತಿಯನ್ನು ಕರಾರು ಮುರಿದು, ಹಾನಿ ಮಾಡುವ ಉದ್ದೇಶದಿಂದ ಬಿಟ್ಟುಕೊಟ್ಟರೆ ಮೂರು ವರ್ಷದವರೆಗೆ ಜೈಲು. ಇದು ಕದ್ದವನಿಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನೋಡುವುದು ಮಾಲೀಕನ ಕಡೆಗೆ. ಜನರಿಂದ ಮಾಹಿತಿ ಪಡೆದವರು ಅದನ್ನು ಯಾರ ಕೈಗೆ ಕೊಟ್ಟಿದ್ದರೂ ಹೊಣೆ ಪಡೆದವರದ್ದೇ. ಹೊರಗೆ ಕೊಡಬೇಕಾದರೆ ಸರಿಯಾದ ಕರಾರು ಇರಬೇಕು. ತಕ್ಕ ಭದ್ರತೆ ಮಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಬ್ಯಾಂಕುಗಳು ಐಟಿ ಕೆಲಸವನ್ನು ಹೊರಗೆ ಕೊಡುವ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನವೂ ಇದನ್ನೇ ಹೇಳಿತು: ಕೆಲಸ ಹೊರಗೆ ಹೋದರೂ ಬ್ಯಾಂಕಿನ ಹೊಣೆ ಕಡಿಮೆಯಾಗದು. ಸೈಬರ್ ಘಟನೆ ಗೊತ್ತಾದ ಆರು ಗಂಟೆಯೊಳಗೆ ತನಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು ಎಂಬುದು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಆದೇಶ.

ಕಾಯುವುದೆಂದರೆ ಅನುಮಾನಿಸುವುದಲ್ಲ

ಇಷ್ಟೆಲ್ಲ ಓದಿ ಯಾರೂ ಹೊರಗುತ್ತಿಗೆಯ ಹುಡುಗ, ಹುಡುಗಿಯರನ್ನು ಕಳ್ಳರಂತೆ ನೋಡಬಾರದು. ಅವರು ನಮ್ಮ ಮನೆಯ ಮಕ್ಕಳು. ಹೊಳಲ್ಕೆರೆ, ಹೊಸದುರ್ಗದ ಹಳ್ಳಿಗಳಿಂದ ಓದಿ ಬೆಂಗಳೂರು ಸೇರಿದವರಲ್ಲಿ ಎಷ್ಟೋ ಜನ ಇಂದು ಅಮೆರಿಕ, ಯುರೋಪಿನ ಕಂಪನಿಗಳ ಸರ್ವರ್ ಕಾಯುತ್ತಿದ್ದಾರೆ. ಆ ದೇಶಗಳ ಲೆಕ್ಕದಲ್ಲಿ ‘ಹೊರಗಿನವರು’ ಇವರೇ. ಕೆಲವು ಕಚೇರಿಗಳಲ್ಲಿ ಮೊಬೈಲನ್ನು ಹೊರಗಿಟ್ಟು, ಪೆನ್ನು ಕಾಗದವಿಲ್ಲದೆ ಕೆಲಸಕ್ಕೆ ಕೂರುತ್ತಾರೆ. ಅದನ್ನು ಅವಮಾನವೆಂದು ತಿಳಿಯಬೇಕಿಲ್ಲ. ನಾಳೆ ಏನಾದರೂ ಕಳವಾದರೆ “ನಾನು ಆ ಬಾಗಿಲು ಮುಟ್ಟಿಲ್ಲ, ನೋಡಿ ಲಾಗ್” ಎಂದು ತಲೆ ಎತ್ತಿ ಹೇಳಲು ಅದೇ ಆಧಾರ. ಆರು ಜನ ಒಂದೇ ಪಾಸ್‌ವರ್ಡ್ ಬಳಸುವ ಕಡೆ ಒಬ್ಬರು ಕದ್ದರೆ ಆರೂ ಜನ ಕಳ್ಳರಾಗುತ್ತಾರೆ, ಮತ್ತು ಮೊದಲು ಕೆಲಸ ಕಳೆದುಕೊಳ್ಳುವುದು ಗುತ್ತಿಗೆಯ ಹುಡುಗನೇ. ಹೊತ್ತಿಗೆ ಸರಿಯಾಗಿ ಸಂಬಳ ಕೊಡದೆ, ಮೂರು ತಿಂಗಳಿಗೊಮ್ಮೆ ಗುತ್ತಿಗೆದಾರರನ್ನು ಬದಲಿಸುತ್ತಾ, ಕೋಟಿಗಟ್ಟಲೆ ಬೆಲೆಯ ಮಾಹಿತಿಯನ್ನು ಅವರ ಕೈಗೆ ಕೊಡುವುದೂ ಭದ್ರತೆಯಲ್ಲಿನ ತೂತೇ.

ರಾಮಗಿರಿಯ ಆ ವ್ಯಾಪಾರಿ ಅಂದೇ ಚೀಟಿ ಕಿತ್ತರು. ದಾವಣಗೆರೆಯ ಹುಡುಗನಿಗೆ ಫೋನ್ ಮಾಡಿದರು. ಅವನೇ ಒಂದೊಂದಾಗಿ ಹೇಳಿಕೊಟ್ಟು, ಇವರು ಒಪ್ಪಿಗೆ ಒತ್ತಿದರೆ ಮಾತ್ರ ತಾನು ಒಳಬರುವಂತೆ ಬದಲಿಸಿಕೊಟ್ಟ. ಹತ್ತು ನಿಮಿಷ ಹಿಡಿಯಿತು. ಹಣ ಖರ್ಚಾಗಲಿಲ್ಲ, ಇಬ್ಬರ ನಡುವಿನ ವಿಶ್ವಾಸವೂ ಕೆಡಲಿಲ್ಲ.

ಅಂಗಡಿ, ಸಂಘ, ಆಸ್ಪತ್ರೆ, ಶಾಲೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಸೋಮವಾರ ಬಾಗಿಲು ತೆಗೆದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ನಮ್ಮ ಕಂಪ್ಯೂಟರಿನೊಳಗೆ ಬರಬಲ್ಲವರು ಯಾರ್‍ಯಾರು? ಅವರಲ್ಲಿ ಕೆಲಸ ಬಿಟ್ಟು ಹೋದವರೆಷ್ಟು? ಒಂದೇ ಪಾಸ್‌ವರ್ಡ್ ಎಷ್ಟು ಜನರ ಕೈಯಲ್ಲಿದೆ? ನಮ್ಮ ಡೇಟಾದ ಪ್ರತಿ ಬೇರೆ ಯಾರ ಬಳಿ ಇದೆ? ನಿನ್ನೆ ರಾತ್ರಿ ಯಾರಾದರೂ ಒಳಬಂದಿದ್ದರೆ ಇವತ್ತು ನಮಗೆ ಗೊತ್ತಾಗುತ್ತದೆಯೇ? ಈ ಐದಕ್ಕೂ ಉತ್ತರ ಬರೆಯಿರಿ. ಉತ್ತರ ಗೊತ್ತಿಲ್ಲದ ಪ್ರಶ್ನೆ ಯಾವುದೋ, ನಿಮ್ಮ ಕೋಟೆಯ ಕಿಂಡಿ ಅಲ್ಲೇ ಇದೆ. ಅದನ್ನು ಮೊದಲು ಕಾಯಿರಿ.